ಹಿತ್ತಾಳೆಗೆ ಕಿವಿಗೊಟ್ಟವರು

ಯಾರು ಬಂದು ಏನು ಊದಿದರೂ ನಂಬಿಬಿಡುವವರನ್ನು 'ಹಿತ್ತಾಳೆ ಕಿವಿ'ಯವರು ಎನ್ನುವುದು ಕನ್ನಡದ ವಾಡಿಕೆ. ಇಂಥ ಕಿವಿಯಿಂದ ಮನೆ ಮುರಿದ ಕಥೆಗಳು ಊರಿಗೆ ನಾಲ್ಕಾದರೂ ಸಿಗುತ್ತವೆ. ಆದರೆ ಹಿತ್ತಾಳೆಗೆ ಕಿವಿಗೊಟ್ಟು ಬದುಕು ಕಟ್ಟಿಕೊಂಡವರ ಕಥೆಗಳೂ ಉಂಟು. ಅವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ವಿಜಯದಶಮಿಯ ಮೆರವಣಿಗೆಯ ದಿನ ಶಿವಮೊಗ್ಗದ ಮಕ್ಕಳ ಕಣ್ಣೆಲ್ಲ ಸಕ್ರೆಬೈಲಿನ ಆನೆಗಳ ಮೇಲೆ. ಆದರೆ ಆನೆ ಕಾಣಿಸುವುದಕ್ಕೆ ಮುಂಚೆ ಅದರ ಸುದ್ದಿ ತರುವುದು ಬ್ಯಾಂಡು. ತಿರುವಿನಾಚೆ ತುತ್ತೂರಿಯ ದನಿ ಕೇಳಿದೊಡನೆ ಕಟ್ಟೆಯ ಮೇಲೆ ಕುಳಿತವರು ಎದ್ದು ನಿಲ್ಲುತ್ತಾರೆ. ಬ್ಯಾಂಡಿನವರು ಬೆವರು ಸುರಿಸುತ್ತಾ ಊದುತ್ತಾ ಮುಂದೆ ಹೋಗುತ್ತಾರೆ. ಅವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಭದ್ರಾವತಿಯ ನಾಡಹಬ್ಬದಲ್ಲೂ, ಶಾಲೆಗಳ ಸ್ವಾತಂತ್ರ್ಯೋತ್ಸವದ ಕವಾಯತಿನಲ್ಲೂ ಇದೇ ಸಂಗತಿ. ಮದುವೆ ಮನೆಯಲ್ಲಂತೂ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಬಂದು ಕುಳಿತು ಎಷ್ಟೋ ಕಾಲವಾಯಿತು. ಮುಹೂರ್ತದ ಹೊತ್ತಿಗೆ ಅದು ಮೊಳಗಿದರೆ ಅಜ್ಜಿಯರು ಕೂಡ ಇದು ಪರದೇಶದ ವಾದ್ಯವೆಂದು ಹುಬ್ಬೇರಿಸುವುದಿಲ್ಲ.

ಇದು ಹೇಗೆ ಸಾಧ್ಯವಾಯಿತು? ಅದರ ಹಿಂದೆ ಮೂವರ ಕಥೆಯಿದೆ. ಒಬ್ಬರು ಮೈಸೂರಿನ ಮಹಾರಾಜರು, ಇನ್ನೊಬ್ಬರು ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮಗ, ಮತ್ತೊಬ್ಬರು ಅಮೆರಿಕದಲ್ಲಿ ಬೆಳೆದ, ಕರ್ನಾಟಕ ಮೂಲದ ಕುಟುಂಬದ ಸಂಗೀತ ರಚನಕಾರ. ಸಂಗೀತದ ಟ್ಯೂಷನ್ನಿಗೆ ಮಕ್ಕಳನ್ನು ಸೇರಿಸಬೇಕೋ, ಸೇರಿಸಿದ್ದನ್ನು ಹತ್ತನೆಯ ತರಗತಿಗೆ ಬಂದಾಗ ಬಿಡಿಸಬೇಕೋ ಎಂದು ಲೆಕ್ಕ ಹಾಕುವ ತಂದೆತಾಯಿಗಳಿಗೆ ಈ ಮೂರು ಕಥೆಗಳೂ ಉಪಯೋಗಕ್ಕೆ ಬರುತ್ತವೆ.

ಲೋಹ ಹಾಡುವ ಬಗೆ

ಮೊದಲು ವಾದ್ಯದ ವಿಷಯ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ವಾದ್ಯಗಳಿಗೆ ಬಳಸುವ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 70 ಪಾಲು ತಾಮ್ರ, ಉಳಿದದ್ದು ಸತು. ಭದ್ರಾವತಿಯ ಮಕ್ಕಳಿಗೆ ಲೋಹದ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು. ಅದಕ್ಕೆ ಇದ್ದಿಲನ್ನು ಒದಗಿಸಿದ್ದು ಮಲೆನಾಡಿನ ಕಾಡು. ಕಬ್ಬಿಣ ಕರಗುವುದಕ್ಕೆ 1500 ಡಿಗ್ರಿಗೂ ಹೆಚ್ಚಿನ ಶಾಖ ಬೇಕು, ಹಿತ್ತಾಳೆಗೆ ಸಾವಿರ ಡಿಗ್ರಿಯೂ ಬೇಡ. ಅದು ಮೃದು. ತೆಳುವಾದ ತಗಡಾಗಿ ಬಡಿಯಬಹುದು, ಕೊಳವೆಯಾಗಿ ಸುತ್ತಬಹುದು, ತುದಿಯನ್ನು ದತ್ತೂರಿ ಹೂವಿನಂತೆ ಅರಳಿಸಬಹುದು. ಕಬ್ಬಿಣದಂತೆ ತುಕ್ಕು ಹಿಡಿಯುವುದೂ ಇಲ್ಲ. ವಾದ್ಯ ಮಾಡುವವರು ಅದನ್ನು ಆರಿಸಿಕೊಂಡದ್ದು ಈ ಗುಣಗಳಿಗಾಗಿ.

ಆದರೆ ಹಾಡುವುದು ಲೋಹವೇ? ಅಲ್ಲ, ಕೊಳವೆಯೊಳಗಿನ ಗಾಳಿ. ತುತ್ತೂರಿ ಅಥವಾ ಟ್ರಂಪೆಟ್ ನುಡಿಸುವವನು ತುಟಿಗಳನ್ನು ಬಿಗಿಹಿಡಿದು ನಡುಗಿಸುತ್ತಾನೆ. ಆ ನಡುಕ ಒಳಗಿನ ಗಾಳಿಯನ್ನು ಕಂಪಿಸುತ್ತದೆ. ತುಟಿಯ ಬಿಗಿಯನ್ನು ಬದಲಾಯಿಸಿದರೆ ಒಂದೇ ಕೊಳವೆಯಿಂದ ಕೆಲವು ಸ್ವರಗಳು ಮಾತ್ರ ಹೊರಡುತ್ತವೆ. ದೇವಸ್ಥಾನದ ಕೊಂಬು, ಕಹಳೆಗಳ ಗುಟ್ಟೂ ಇದೇ. ನಡುವಿನ ಸ್ವರಗಳು ಬೇಕಾದರೆ ಕೊಳವೆಯ ಉದ್ದವನ್ನೇ ಬದಲಿಸಬೇಕು. ಟ್ರಂಪೆಟ್ಟಿನ ಮೂರು ಗುಂಡಿಗಳು ಮಾಡುವ ಕೆಲಸ ಅದು. ಗುಂಡಿ ಒತ್ತಿದರೆ ಗಾಳಿ ಒಂದು ಹೆಚ್ಚುವರಿ ಸುತ್ತು ಬಳಸಿ ಬರುತ್ತದೆ, ಸ್ವರ ಇಳಿಯುತ್ತದೆ. ಟ್ರಂಪೆಟ್ಟಿನ ಕೊಳವೆಯನ್ನು ಬಿಚ್ಚಿ ನೀಟಾಗಿ ಚಾಚಿದರೆ ಸುಮಾರು ಒಂದೂವರೆ ಮೀಟರ್ ಇರುತ್ತದೆ. ಬಸವನಹುಳುವಿನಂತೆ ಸುತ್ತಿಕೊಂಡ ಫ್ರೆಂಚ್ ಹಾರ್ನ್ ಅನ್ನು ಬಿಚ್ಚಿದರೆ ಮೂರೂವರೆ ಮೀಟರಿಗೂ ಉದ್ದ.

ಸ್ಯಾಕ್ಸೋಫೋನಿನದು ಬೇರೆ ಜಾತಕ. ಮೈ ಹಿತ್ತಾಳೆಯದಾದರೂ ಸಂಗೀತ ಶಾಸ್ತ್ರದವರು ಅದನ್ನು ಹಿತ್ತಾಳೆ ವಾದ್ಯಗಳ ಗುಂಪಿಗೆ ಸೇರಿಸುವುದಿಲ್ಲ. ಅದರ ಬಾಯಲ್ಲಿರುವುದು ಜೊಂಡಿನ ಒಂದು ತೆಳು ಪಟ್ಟಿ. ನಾದ ಹುಟ್ಟುವುದು ಆ ಪಟ್ಟಿ ನಡುಗಿದಾಗ, ತುಟಿ ನಡುಗಿದಾಗಲ್ಲ. ಆ ಲೆಕ್ಕದಲ್ಲಿ ಅದು ಓಲೆ ಕಟ್ಟಿದ ನಾಗಸ್ವರಕ್ಕೂ ಶಹನಾಯಿಗೂ ದೂರದ ನೆಂಟ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೈನ್ಯದ ಬ್ಯಾಂಡುಗಳು ಇದನ್ನು ಬೇಗ ಒಪ್ಪಿಕೊಂಡವು. ಬ್ಯಾಂಡುಗಳ ಜೊತೆಯಲ್ಲಿ ಅದು ದೇಶ ದೇಶ ಸುತ್ತಿತು.

ಪಿಯಾನೋ ಬಿಟ್ಟ ರಾಜಕುಮಾರ

ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತಕ್ಕೆ ಒಂದು ಬ್ಯಾಂಡು, ಕರ್ನಾಟಕ ಸಂಗೀತಕ್ಕೆ ಇನ್ನೊಂದು ಇದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಟೋ ಷ್ಮಿಟ್ ಎಂಬ ಜರ್ಮನ್ ಬ್ಯಾಂಡ್ ಮಾಸ್ಟರ್ ಅಲ್ಲಿದ್ದರು. ವೀಣೆಯ ವಿದ್ವಾಂಸರು ಕೀರ್ತನೆ ನುಡಿಸುತ್ತಿದ್ದ ಅರಮನೆಯಲ್ಲೇ ಕ್ಲಾರಿನೆಟ್, ಕಾರ್ನೆಟ್, ಸ್ಯಾಕ್ಸೋಫೋನುಗಳೂ ಮೊಳಗುತ್ತಿದ್ದವು. ಆ ವಾತಾವರಣದಲ್ಲಿ ಬೆಳೆದವರು 1919ರ ಜುಲೈ 18ರಂದು ಹುಟ್ಟಿದ ಜಯಚಾಮರಾಜ ಒಡೆಯರು.

ರಾಜಕುಮಾರನಿಗೆ ಪಿಯಾನೋ ಎಂದರೆ ಪ್ರಾಣ. ಕಚೇರಿ ನೀಡುವ ಪಿಯಾನೋ ವಾದಕನಾಗಬೇಕೆಂಬುದು ಅವರ ಆಸೆಯಾಗಿತ್ತು. 1940 ಆ ಆಸೆಯನ್ನು ಮುಗಿಸಿಹಾಕಿತು. ಆ ವರ್ಷ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ, ಸಿಂಹಾಸನ ಏರಬೇಕಾಯಿತು. ಮನೆಯ ಜವಾಬ್ದಾರಿ ಹೆಗಲಿಗೆ ಬಿದ್ದಾಗ ಕಲಿತದ್ದನ್ನು ಬದಿಗಿಟ್ಟು ಅಂಗಡಿಗೋ ಹೊಲಕ್ಕೋ ಇಳಿದ ಹಿರಿಯ ಮಗ ಎಷ್ಟೋ ಮನೆಗಳಲ್ಲಿ ಇದ್ದಾನೆ. ಅರಮನೆಯ ಮಗನ ಪಾಡೂ ಇದೇ ಆಯಿತು.

ಅವರು ಸಂಗೀತವನ್ನು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಟ್ರಿನಿಟಿ ಸಂಗೀತ ಕಾಲೇಜು ಗೌರವ ಫೆಲೋ ಸ್ಥಾನ ನೀಡಿತು. ಲಂಡನ್ನಿನಲ್ಲಿ ಆಗ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಮುದುಕರೊಬ್ಬರು ಇದ್ದರು. ದೊಡ್ಡ ರಚನಕಾರರಾದರೂ ಕಾಯಿಲೆ, ಬಡತನ ಅವರನ್ನು ಕಾಡುತ್ತಿದ್ದವು. ಅವರ ರಚನೆಗಳನ್ನು ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಮೈಸೂರಿನ ಮಹಾರಾಜರು ಹಣ ಕೊಟ್ಟರು. ಅದಕ್ಕಾಗಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಫಿಲ್‌ಹಾರ್ಮೋನಿಯ ವಾದ್ಯವೃಂದದೊಡನೆ ಮೆಟ್ನರ್ ತಮ್ಮ ಮೂರು ಪಿಯಾನೋ ಕನ್‌ಚೆರ್ಟೋಗಳನ್ನು ಮುದ್ರಿಸಿದರು. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ತಟ್ಟೆಗಳು ಇಲ್ಲದಿದ್ದರೆ ಅವರ ಬೆರಳಿನ ನುಡಿಯನ್ನು ಇಂದಿನವರು ಇಷ್ಟು ವಿಸ್ತಾರವಾಗಿ ಕೇಳಲು ಸಾಧ್ಯವಿರುತ್ತಿರಲಿಲ್ಲ.

ಅದೇ ಫಿಲ್‌ಹಾರ್ಮೋನಿಯ ತಂಡದ ಕಚೇರಿ ಸಂಘಕ್ಕೆ 1948ರಲ್ಲಿ ಮಹಾರಾಜರು ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತಮ್ಮ 84ನೆಯ ವಯಸ್ಸಿನಲ್ಲಿ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಆ ವೇಳೆಗೆ ಸ್ಟ್ರಾಸ್ ತೀರಿಹೋಗಿದ್ದರು. ಕಾರ್ಯಕ್ರಮಕ್ಕೆ 4,800 ಡಾಲರುಗಳ ಖಾತರಿ ಕೊಟ್ಟವರು ಮೈಸೂರು ಮಹಾರಾಜರು. ತಾವೇ ಹೋಗಲು ಆಗದಿದ್ದುದರಿಂದ ಧ್ವನಿಮುದ್ರಣವನ್ನು ಹಡಗಿನಲ್ಲಿ ಮೈಸೂರಿಗೆ ತರಿಸಿಕೊಂಡರು. ಆ ನಾಲ್ಕರಲ್ಲಿ ಒಂದು ಹಾಡು ಮುಗಿಯುವಾಗ ಗಾಯಕಿ ನಿಲ್ಲಿಸಿದ ಮೇಲೆ ಫ್ರೆಂಚ್ ಹಾರ್ನ್ ಒಂದೇ ಮೆಲ್ಲಗೆ ಮಾತನಾಡುತ್ತದೆ. ಸ್ಟ್ರಾಸರ ತಂದೆ ಹೆಸರಾಂತ ಹಾರ್ನ್ ವಾದಕ. ಮುಪ್ಪಿನ ಮಗ ತಂದೆಯ ವಾದ್ಯಕ್ಕೆ ಕೊನೆಯ ಮಾತು ಬಿಟ್ಟುಕೊಟ್ಟಂತೆ ಅದು ಕೇಳುತ್ತದೆ.

ಇನ್ನೊಬ್ಬರ ಸಂಗೀತಕ್ಕೆ ಹೀಗೆ ನೀರೆರೆದವರು ಸ್ವತಃ ವಾಗ್ಗೇಯಕಾರರೂ ಆದರು. ವೀಣೆ ವೆಂಕಟಗಿರಿಯಪ್ಪ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರ ಸಂಗದಲ್ಲಿ ಕರ್ನಾಟಕ ಸಂಗೀತದ ಆಳಕ್ಕೆ ಇಳಿದು, 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಗಂಭೀರನಾಟ, ವಲಜಿ, ಮಾಂಡ್ ರಾಗಗಳಲ್ಲಿ ಅವರು ಕಟ್ಟಿದ ಕೃತಿಗಳನ್ನು ಇಂದಿಗೂ ಕಚೇರಿಗಳಲ್ಲಿ ಹಾಡುತ್ತಾರೆ. ಎಲ್ಲ ಕೃತಿಗಳೂ 2010ರಲ್ಲಿ ಒಂದೇ ಪುಸ್ತಕವಾಗಿ ಬಂದವು. ಪಿಯಾನೋ ವಾದಕರಾಗದ ಆ ಅರಸರಿಗೆ 1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಗೌರವ ಬಂತು. 1974ರಲ್ಲಿ ಅವರು ತೀರಿಕೊಂಡರು. ಸಂಸ್ಥಾನದ ಕಾಲ ಮುಗಿದ ಮೇಲೆ ಅರಮನೆಯ ಬ್ಯಾಂಡಿನ ಪರಂಪರೆ ರಾಜ್ಯದ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿಯಿತು.

ಸಜಿಪದ ಹುಡುಗನ ಇಪ್ಪತ್ತು ವರ್ಷ

ಅರಮನೆಯ ಬ್ಯಾಂಡು ನುಡಿಸಿದ್ದನ್ನು ಕೇಳಿದವರು ಸಾವಿರಾರು ಜನ. ಅವರಲ್ಲಿ ಒಬ್ಬ ಹುಡುಗನಿಗೆ ಅದು ಬೇರೆ ರೀತಿಯಲ್ಲಿ ಕೇಳಿಸಿತು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರಿಗೆ ತಂದೆ ತನಿಯಪ್ಪನವರಿಂದ ಬಂದ ವಿದ್ಯೆ ನಾಗಸ್ವರ. ಮೈಸೂರಿಗೆ ಬಂದಾಗ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುವುದನ್ನು ಅವರು ಕೇಳಿದರು. ಆ ದುಂಡನೆಯ, ಮನುಷ್ಯನ ಕಂಠಕ್ಕೆ ಹತ್ತಿರವಾದ ನಾದ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಕಲಿತರೆ ಇದನ್ನೇ ಕಲಿಯಬೇಕು ಎಂದು ತೀರ್ಮಾನಿಸಿದರು.

ತೀರ್ಮಾನ ಸುಲಭ, ಕಲಿಕೆ ಕಷ್ಟ. ಕರ್ನಾಟಕ ಸಂಗೀತದ ಜೀವ ಗಮಕದಲ್ಲಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಲ್ಲ, ಜಾರಬೇಕು, ತೂಗಬೇಕು, ನಡುಗಬೇಕು. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲಿರುತ್ತದೆ. ಅರ್ಧ ಮುಚ್ಚಿ ಅರ್ಧ ತೆರೆದು ಉಸಿರಿನ ಒತ್ತಡ ಬದಲಿಸಿ ಗಮಕ ತರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳು, ಮುಚ್ಚಳಗಳು. ಅವು ಮುಚ್ಚುತ್ತವೆ ಇಲ್ಲವೆ ತೆರೆಯುತ್ತವೆ. ಮೆಟ್ಟಿಲು ಹತ್ತಿ ಇಳಿಯಲೆಂದೇ ಮಾಡಿದ ವಾದ್ಯದಲ್ಲಿ ಜಾರುಬಂಡೆಯ ಆಟ ಆಡಬೇಕು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತು, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾಗಿ, ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡು, ತುಟಿ ಮತ್ತು ಉಸಿರಿನ ಹಿಡಿತದಿಂದ ಅದನ್ನು ಪಳಗಿಸಲು ಅವರಿಗೆ ಸುಮಾರು 20 ವರ್ಷ ಬೇಕಾಯಿತು.

ಇಪ್ಪತ್ತು ವರ್ಷ ಎಂದರೆ ಒಂದನೆಯ ತರಗತಿಗೆ ಸೇರಿದ ಮಗು ಎಂ.ಎ. ಮುಗಿಸಿ ಕೆಲಸ ಹುಡುಕುವಷ್ಟು ಕಾಲ. ಆ ಕಾಲ ಮುಗಿದ ಮೇಲೆ ಜಗತ್ತು ಕದ್ರಿ ಗೋಪಾಲನಾಥರನ್ನು ಕೇಳಿಸಿಕೊಂಡಿತು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ, ಸ್ಟ್ರಾಸರ ಹಾಡುಗಳು ಮೊದಲು ಕೇಳಿಸಿದ ಅದೇ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಅವರು ನುಡಿಸಿದರು. ಆ ಉತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಮಲೆನಾಡಿನ ಮದುವೆ ಮನೆಗಳಲ್ಲಿ ಇಂದು ಸ್ಯಾಕ್ಸೋಫೋನ್ ಊದುವ ಯುವಕ ಯುವತಿಯರಲ್ಲಿ ಅನೇಕರು ಅವರು ಕಡಿದ ದಾರಿಯಲ್ಲೇ ನಡೆಯುತ್ತಿದ್ದಾರೆ.

ತಮಾಷೆಗೆ ಕೊಟ್ಟ ಉಡುಗೊರೆ

ಮೂರನೆಯ ಕಥೆ ಬಹುದೂರದ್ದು. ಕರ್ನಾಟಕದಿಂದ ವಲಸೆ ಹೋದ ಕುಟುಂಬದ ರುದ್ರೇಶ್ ಮಹಾಂತಪ್ಪ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟ್ ನಗರದಲ್ಲಿ. ಬೆಳೆದದ್ದು ಅಮೆರಿಕದ ಕೊಲರಾಡೋ ರಾಜ್ಯದ ಬೋಲ್ಡರ್ ಊರಿನಲ್ಲಿ. ತಂದೆ ಕಲ್ಯಾಣ ಮಹಾಂತಪ್ಪ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಭೌತಶಾಸ್ತ್ರದ ಮನೆಯಲ್ಲಿ ಹುಟ್ಟಿದ ಹುಡುಗ ಆಲ್ಟೋ ಸ್ಯಾಕ್ಸೋಫೋನ್ ಹಿಡಿದು ಜಾಝ್ ಸಂಗೀತದ ಕಡೆಗೆ ಹೊರಟ. ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ಒಂದು ಧ್ವನಿಮುದ್ರಿಕೆಯನ್ನು ತಮಾಷೆಗೆಂದು ಉಡುಗೊರೆ ಕೊಟ್ಟ. 'ಭಾರತೀಯ ಶೈಲಿಯ ಸ್ಯಾಕ್ಸೋಫೋನ್' ಎಂಬ ಅರ್ಥದ ಹೆಸರು ಅದರ ಮೇಲಿತ್ತು. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ಮುಗಿಯಿತು. ತನ್ನದೇ ವಾದ್ಯದಲ್ಲಿ, ತನ್ನ ತಂದೆತಾಯಿಯ ನಾಡಿನವರೊಬ್ಬರು, ತನಗೆ ತಿಳಿಯದ ಭಾಷೆಯನ್ನು ಮಾತನಾಡುತ್ತಿದ್ದಾರೆ ಎಂಬುದು ರುದ್ರೇಶ್ ಅವರನ್ನು ಚುಚ್ಚಿತು.

ಮುಂದಿನ ವರ್ಷಗಳ ಅವರ ರಚನೆಗಳು ಆ ಪ್ರಶ್ನೆಗೆ ಹುಡುಕಿದ ಉತ್ತರಗಳು. 2004ರಲ್ಲಿ 'ಮದರ್ ಟಂಗ್', ಅಂದರೆ ತಾಯ್ನುಡಿ, ಎಂಬ ಧ್ವನಿಮುದ್ರಿಕೆ ಬಂತು. 'ನೀವು ಇಂಡಿಯನ್ ಭಾಷೆ ಮಾತನಾಡುತ್ತೀರಾ?' ಎಂಬುದು ಅಮೆರಿಕದಲ್ಲಿ ಭಾರತೀಯರಿಗೆ ಪದೇ ಪದೇ ಎದುರಾಗುವ ಪ್ರಶ್ನೆ. ಅದಕ್ಕೆ ಬೇರೆ ಬೇರೆ ಭಾಷೆಯವರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಅವರು ಮುದ್ರಿಸಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರಗಳಲ್ಲಿ ಬರೆದುಕೊಂಡು ರಚನೆಗಳನ್ನು ಕಟ್ಟಿದರು. ಅವುಗಳಲ್ಲಿ ಒಂದರ ಹೆಸರು 'ಕನ್ನಡ'. ಕೊಂಕಣಿ, ತೆಲುಗು, ತಮಿಳು, ಮಲಯಾಳ, ಗುಜರಾತಿಗಳಿಗೂ ಒಂದೊಂದು ರಚನೆ. ನಾಲ್ಕು ಜನ ಕನ್ನಡದಲ್ಲಿ ಹರಟುವಾಗ ಅಲ್ಲಿ ಒಂದು ರಾಗವೂ ಹರಿಯುತ್ತಿರುತ್ತದೆ ಎಂಬುದನ್ನು ಕನ್ನಡ ನಾಡಿನಲ್ಲೇ ಇರುವವರು ಎಷ್ಟು ಮಂದಿ ಗಮನಿಸಿದ್ದಾರೆ?

2007ರಲ್ಲಿ ಅವರಿಗೆ ಗುಗೆನ್‌ಹೈಮ್ ಫೆಲೋಶಿಪ್ ಬಂತು. 2008ರ 'ಕಿನ್ಸ್‌ಮೆನ್' ಧ್ವನಿಮುದ್ರಿಕೆಯಲ್ಲಿ ಅವರೂ ಕದ್ರಿ ಗೋಪಾಲನಾಥರೂ ಜೊತೆಯಾಗಿ ನುಡಿಸಿದರು. ಆ ಹೆಸರಿನ ಅರ್ಥ ನೆಂಟರು. ಎರಡು ಸ್ಯಾಕ್ಸೋಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಮೃದಂಗ, ಗಿಟಾರ್, ಬಾಸ್, ಡ್ರಮ್ಸ್: ಒಟ್ಟು ಏಳು ಜನ. ತಮಾಷೆಯ ಉಡುಗೊರೆಯಲ್ಲಿ ಕೇಳಿದ ದನಿಯ ಪಕ್ಕದಲ್ಲೇ ನಿಂತು ನುಡಿಸುವ ದಿನ ಬಂದಿತ್ತು. ಆಮೇಲೆ ನಾಲ್ಕು ಸ್ಯಾಕ್ಸೋಫೋನುಗಳ ಪ್ರಿಸಂ ಕ್ವಾರ್ಟೆಟ್ ತಂಡಕ್ಕಾಗಿ ಅವರು ಬರೆದ ರಚನೆ 2015ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು. 'ಈ ರಾತ್ರಿ ನನ್ನ ನಾದಕ್ಕಾಗಿ ಕ್ಷಮೆ ಕೇಳುವುದಿಲ್ಲ' ಎಂಬ ಅರ್ಥದ ಠೀವಿಯ ಹೆಸರು ಅದಕ್ಕೆ. 2016ರಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು. 2020ರ 'ಹೀರೋ ಟ್ರಿಯೋ'ದಲ್ಲಿ ನುಡಿಸಿದವರು ಮೂರೇ ಜನ.

ನಾಲ್ಕು ಜನರ ಪಾಠ

ಮೂವರು, ನಾಲ್ವರು, ಏಳು ಜನ ಎಂಬ ಈ ಲೆಕ್ಕಕ್ಕೆ ಅರ್ಥವಿದೆ. ಕೆಲವೇ ಜನ ಕೂಡಿ, ಒಬ್ಬೊಬ್ಬರೂ ತಮ್ಮ ತಮ್ಮ ಪಾಲನ್ನು ನುಡಿಸುವ ಸಂಗೀತವನ್ನು ಯೂರೋಪಿನವರು ಚೇಂಬರ್ ಮ್ಯೂಸಿಕ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ಕೋಣೆಯೊಳಗೆ ನುಡಿಸುವ ಸಂಗೀತ. ಮುಂದೆ ನಿಂತು ಕೋಲು ಆಡಿಸುವ ನಿರ್ದೇಶಕ ಇರುವುದಿಲ್ಲ. ಕರ್ನಾಟಕ ಸಂಗೀತದ ಕಚೇರಿಯೂ ಇದೇ ಬಗೆಯದು. ಗಾಯಕ, ಪಿಟೀಲು, ಮೃದಂಗ, ಘಟ: ಒಬ್ಬರ ಉಸಿರನ್ನು ಇನ್ನೊಬ್ಬರು ಗಮನಿಸುತ್ತಾ ಸಾಗಬೇಕು. ಬ್ಯಾಂಡಿನಲ್ಲಿ ಒಬ್ಬ ಒಂದು ಸ್ವರ ತಪ್ಪಿದರೆ ಮೂವತ್ತು ಜನರ ನಡುವೆ ಮುಚ್ಚಿಹೋಗಬಹುದು. ನಾಲ್ವರಲ್ಲಿ ಒಬ್ಬ ತಪ್ಪಿದರೆ ಅಡಗಲು ಜಾಗವಿಲ್ಲ. ಹಾಗೆಂದು ಒಬ್ಬನೇ ಮೆರೆಯಲು ಹೊರಟರೂ ನಡೆಯದು. ತನ್ನದನ್ನು ನುಡಿಸುತ್ತಲೇ ಉಳಿದ ಮೂವರನ್ನು ಕೇಳುವ ಅಭ್ಯಾಸ ಮಕ್ಕಳಿಗೆ ಶಾಲೆಯ ಇನ್ನಾವ ಪಾಠದಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ.

ಹಾಗಾದರೆ ಶಿವಮೊಗ್ಗ, ಭದ್ರಾವತಿಯ ತಂದೆತಾಯಿಗಳು ಏನು ಮಾಡಬಹುದು? ಮೇಲಿನ ಮೂವರ ಕಥೆಯೂ ಕೇಳುವುದರಿಂದಲೇ ಬೆಳೆಯಿತು. ಅರಮನೆಯ ವಾದ್ಯಗಳ ನಡುವೆ ಬೆಳೆದವರು ಒಬ್ಬರು. ಬ್ಯಾಂಡನ್ನು ಕೇಳಿ ಮನಸ್ಸು ಬದಲಿಸಿದವರು ಇನ್ನೊಬ್ಬರು. ಉಡುಗೊರೆಯ ಧ್ವನಿಮುದ್ರಿಕೆಗೆ ಕಿವಿಗೊಟ್ಟವರು ಮತ್ತೊಬ್ಬರು. ಆದ್ದರಿಂದ ಮೊದಲ ಕೆಲಸ ಕೇಳಿಸುವುದು. ಇದಕ್ಕೆ ಫೀಸು ಇಲ್ಲ. ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಈ ಭಾಗದ ಎಷ್ಟೋ ಮನೆಗಳಿಗೆ ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ ಅಡುಗೆಮನೆಯ ರೇಡಿಯೋದಿಂದಲೇ ಬಂತು. ಈಗ ಮೊಬೈಲ್ ಫೋನಿನಲ್ಲಿ ಕದ್ರಿಯವರೂ ಸಿಗುತ್ತಾರೆ, ರುದ್ರೇಶರೂ ಸಿಗುತ್ತಾರೆ, ಮೆಟ್ನರರ ಹಳೆಯ ಮುದ್ರಣಗಳೂ ಸಿಗುತ್ತವೆ. ಸಿಗುವುದು ಸುಲಭವಾಗಿದೆ, ಕೊನೆಯವರೆಗೆ ಕೂತು ಕೇಳುವುದು ಕಷ್ಟವಾಗಿದೆ. ವಾರಕ್ಕೊಂದು ದಿನ, ಒಂದೇ ಒಂದು ಕೃತಿಯನ್ನು, ಮನೆಯವರೆಲ್ಲ ಮಾತಿಲ್ಲದೆ ಕೇಳಿದರೆ ಸಾಕು.

ಎರಡನೆಯದು ವಯಸ್ಸಿನ ಪ್ರಶ್ನೆ. ಊದುವ ವಾದ್ಯಗಳಿಗೆ ಮುಂದಿನ ಹಲ್ಲುಗಳು ಮುಖ್ಯ. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲುಗಳು ಗಟ್ಟಿಯಾಗಿ ಬಂದ ಮೇಲೆ, ಅಂದರೆ ಎಂಟು ಒಂಬತ್ತು ವರ್ಷ ದಾಟಿದ ಮೇಲೆ, ಮಗುವಿನ ಮೈಕಟ್ಟು ನೋಡಿಕೊಂಡು ಆರಂಭಿಸುವುದು ಒಳ್ಳೆಯದು. ಅಲ್ಲಿಯವರೆಗೆ ಹಾಡಲಿ. ಶ್ರುತಿ ಕಿವಿಯಲ್ಲಿ ಕುಳಿತಿದ್ದರೆ ತುಟಿಗೆ ತಾನಾಗಿ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಹೊರಡುವ ದನಿ ಕಿವಿಗೆ ಹಿತವಾಗಿರುವುದಿಲ್ಲ, ಪಕ್ಕದ ಮನೆಯವರು ಗೊಣಗಬಹುದು. ದಿನಕ್ಕೆ ಅರ್ಧ ಗಂಟೆ, ನಿಗದಿಯಾದ ಹೊತ್ತಿಗೆ ಅಭ್ಯಾಸ ಮಾಡಿದರೆ ಅವರೂ ಹೊಂದಿಕೊಳ್ಳುತ್ತಾರೆ. ಭಾನುವಾರ ಮೂರು ಗಂಟೆ ಊದಿ ಉಳಿದ ಆರು ದಿನ ಮುಟ್ಟದಿದ್ದರೆ ತುಟಿಯೂ ಪಳಗದು, ನೆರೆಯವರೂ ಪಳಗರು.

ಮೂರನೆಯದು, ಎಲ್ಲರೂ ಕೇಳುವ ಪ್ರಶ್ನೆ: ಇದರಿಂದ ಹೊಟ್ಟೆ ತುಂಬುತ್ತದೆಯೇ? ಕೆಲವರಿಗೆ ತುಂಬುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆ ಇರುವುದು ಎಲ್ಲರಿಗೂ ಗೊತ್ತು. ಆ ಪಡೆಗೆ ಬ್ಯಾಂಡ್ ವಾದಕರನ್ನು ಪ್ರತ್ಯೇಕವಾಗಿ ನೇಮಿಸಿಕೊಳ್ಳುವ ಪದ್ಧತಿ ಇದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೈಸೂರಿನಲ್ಲಿ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಮಂಗಳವಾದ್ಯದವರಿಗೆ ಮದುವೆಯ ಕಾಲದಲ್ಲಿ ಬಿಡುವಿರುವುದಿಲ್ಲ. ಆದರೂ ಸಂಗೀತ ಕಲಿತ ಎಲ್ಲ ಮಕ್ಕಳಿಗೂ ಅದೇ ವೃತ್ತಿಯಾಗದು, ಆಗಬೇಕಾಗಿಯೂ ಇಲ್ಲ. ಹತ್ತನೆಯ ತರಗತಿ ಬಂತೆಂದು ವಾದ್ಯವನ್ನು ಅಟ್ಟಕ್ಕೆ ಹಾಕುವ ಮೊದಲು ಜಯಚಾಮರಾಜ ಒಡೆಯರನ್ನು ನೆನೆಯಬಹುದು. ರಾಜ್ಯಭಾರದ ಹೊರೆಯ ನಡುವೆ ಅವರು ಪರೀಕ್ಷೆ ಕಟ್ಟಿದರು, ಕೃತಿ ರಚಿಸಿದರು, ಮುದುಕ ರಚನಕಾರರೊಬ್ಬರ ಕೊನೆಗಾಲಕ್ಕೆ ಬೆಳಕಾದರು. ದಿನಕ್ಕೆ ಅರ್ಧ ಗಂಟೆಯ ಬದಲು ಪರೀಕ್ಷೆಯ ವರ್ಷ ಹತ್ತು ನಿಮಿಷ ಎಂದು ಮಗುವಿನೊಡನೆ ಒಪ್ಪಂದ ಮಾಡಿಕೊಂಡರೆ ತುಟಿಯ ಪಳಗು ಉಳಿಯುತ್ತದೆ, ಅಂಕವೂ ಕೆಡುವುದಿಲ್ಲ. ಪೂರ್ತಿ ನಿಲ್ಲಿಸಿದ್ದನ್ನು ಎರಡು ವರ್ಷದ ನಂತರ ಮತ್ತೆ ಹಿಡಿಯುವವರು ವಿರಳ.

ವಿದ್ಯಾರ್ಥಿಗಳಿಗೂ ಒಂದು ಮಾತು. ಮೂರು ತಿಂಗಳಲ್ಲಿ ಸ್ಯಾಕ್ಸೋಫೋನ್ ಕಲಿಸುತ್ತೇವೆ ಎಂಬ ಜಾಹೀರಾತು ಕಂಡರೆ ಸಜಿಪದ ಹುಡುಗನ ಇಪ್ಪತ್ತು ವರ್ಷ ನೆನಪಿರಲಿ. ಮೂರು ತಿಂಗಳಲ್ಲಿ ಒಂದು ಸಿನಿಮಾ ಹಾಡು ಬರಬಹುದು, ಅದಕ್ಕೆ ಸಂತೋಷಪಡಬಹುದು. ಜೊತೆಗೆ ಓಣಿಯಲ್ಲಿ ಕೊಳಲು ಕಲಿಯುತ್ತಿರುವ ಗೆಳತಿ, ತಬಲ ಬಾರಿಸುವ ಗೆಳೆಯ, ಪಿಟೀಲಿನ ಪಾಠಕ್ಕೆ ಹೋಗುವ ಇನ್ನೊಬ್ಬ ಇದ್ದರೆ ನಾಲ್ವರೂ ವಾರಕ್ಕೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ ಕೂಡಿ ನುಡಿಸಿ ನೋಡಲಿ. ಮೊದಲ ದಿನ ನಾಲ್ಕು ಶ್ರುತಿ, ನಾಲ್ಕು ಲಯ, ದೊಡ್ಡ ಗಲಾಟೆ. ಹತ್ತನೆಯ ವಾರಕ್ಕೆ ಯಾರೂ ಹೇಳದೆ ಒಬ್ಬ ತನ್ನ ದನಿಯನ್ನು ತಗ್ಗಿಸಿ ಇನ್ನೊಬ್ಬನಿಗೆ ಜಾಗ ಬಿಟ್ಟುಕೊಟ್ಟರೆ, ಆ ಜಗಲಿಯಲ್ಲಿ ಸಂಗೀತ ಆರಂಭವಾಗಿದೆ ಎಂದು ತಿಳಿಯಬಹುದು.